ಸೂಪಾ ಮುಳುಗಿತು, ಬೇಡ್ತಿ ಉಳಿಯಿತು: ನಡುವೆ ಒಂದು ಮಠ

ಗಣೇಶಗುಡಿಗೆ ವಾರಾಂತ್ಯಕ್ಕೆ ಬರುವವರು ಎರಡು ಸಂಗತಿಗಳನ್ನು ನೋಡಿಕೊಂಡು ಹೋಗುತ್ತಾರೆ. ಒಂದು, ಕಾಳಿ ನದಿಯ ರಾಫ್ಟಿಂಗ್. ಎರಡು, ಹಕ್ಕಿಗಳು. ಹಕ್ಕಿಯ ಫೋಟೊ ತೆಗೆಯುವವರು ಬಂದಿಳಿಯುವ ‘ಓಲ್ಡ್ ಮ್ಯಾಗಜೀನ್ ಹೌಸ್’ ಹೆಸರಿಗೆ ಪತ್ರಿಕೆಗೂ ಸಂಬಂಧವಿಲ್ಲ, ಪುಸ್ತಕಕ್ಕೂ ಸಂಬಂಧವಿಲ್ಲ. ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯಲು ಬೇಕಾದ ಸ್ಫೋಟಕಗಳನ್ನು ದಾಸ್ತಾನು ಇಟ್ಟಿದ್ದ ಮನೆ ಅದು. ರಾಫ್ಟಿಂಗ್‌ನ ಬಿಳಿ ನೊರೆ ನೀರೂ ಅಷ್ಟೇ. ಮೇಲಿನ ವಿದ್ಯುದಾಗಾರದಿಂದ ನೀರು ಬಿಟ್ಟರೆ ಬೋಟು ಇಳಿಯುತ್ತದೆ, ಬಿಡದಿದ್ದರೆ ಇಲ್ಲ. ಅಂದರೆ ಈ ಊರಿನ ಇಂದಿನ ಸುಖ, ಸಂಪಾದನೆ, ಹೆಸರು ಎಲ್ಲವೂ ಒಂದು ಅಣೆಕಟ್ಟಿನ ನೆರಳಿನಲ್ಲಿದೆ.

ಆ ಅಣೆಕಟ್ಟಿನ ಹಿಂದೆ ಒಂದು ಪೇಟೆ ಮುಳುಗಿದೆ. ಅದೇ ಜಿಲ್ಲೆಯಲ್ಲಿ, ಹೆಚ್ಚುಕಮ್ಮಿ ಅದೇ ಕಾಲದಲ್ಲಿ, ಪಕ್ಕದ ಬೇಡ್ತಿ ನದಿಗೂ ಅಣೆಕಟ್ಟು ಬರಬೇಕಿತ್ತು. ಬರಲಿಲ್ಲ. ಕಾಳಿಗೆ ಒಂದು ನ್ಯಾಯ, ಬೇಡ್ತಿಗೆ ಇನ್ನೊಂದು ನ್ಯಾಯ ಯಾಕಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಹಕಾರ ಸಂಘ ಸಿಗುತ್ತದೆ, ವಿಜ್ಞಾನಿಗಳು ಸಿಗುತ್ತಾರೆ, ಕಾಯ್ದೆ ಸಿಗುತ್ತದೆ. ಕೊನೆಗೆ ಶಿರಸಿ ತಾಲ್ಲೂಕಿನ ಸೋಂದೆಯ ಒಂದು ಮಠದ ಬಾಗಿಲಿಗೂ ಹೋಗಿ ನಿಲ್ಲಬೇಕಾಗುತ್ತದೆ.

ಸದ್ದಿಲ್ಲದೆ ಹೋದ ಸೂಪಾ

ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ಇಡೀ ನದಿ ಒಂದೇ ಜಿಲ್ಲೆಯೊಳಗೆ ಹುಟ್ಟಿ ಅಲ್ಲೇ ಮುಗಿಯುತ್ತದೆ. ಇಷ್ಟು ಚಿಕ್ಕ ನದಿಯ ಮೇಲೂ ಅದರ ಹಳ್ಳಗಳ ಮೇಲೂ ಸೂಪಾ, ತಟ್ಟಿಹಳ್ಳ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಕಟ್ಟೆಗಳು ಬಂದವು. ಕದ್ರಾದ ನೀರನ್ನು ನಂಬಿ ಕೈಗಾ ಅಣು ವಿದ್ಯುತ್ ಸ್ಥಾವರವೂ ಬಂತು.

ಸೂಪಾ ಎಂಬ ಪೇಟೆ ಕಾಳಿ ಮತ್ತು ಪಾಂಡರಿ ಹೊಳೆಗಳ ಸಂಗಮದಲ್ಲಿತ್ತು. ತಾಲ್ಲೂಕು ಕೇಂದ್ರ ಅದೇ, ಕಚೇರಿಗಳಿದ್ದದ್ದೂ ಅಲ್ಲೇ. 1970ರಲ್ಲಿ ಹುಟ್ಟಿದ ವಿದ್ಯುತ್ ನಿಗಮ, ಮುಂದೆ ಕರ್ನಾಟಕ ವಿದ್ಯುತ್ ನಿಗಮ ಎಂದಾದದ್ದು, ಕಾಳಿ ಯೋಜನೆಯನ್ನು ಕೈಗೆತ್ತಿಕೊಂಡಿತು. ರಾಜ್ಯದಲ್ಲಿ ವಿದ್ಯುತ್ ಕೊರತೆ ಇದ್ದ ಕಾಲ ಅದು. 101 ಮೀಟರ್ ಎತ್ತರದ ಕಟ್ಟೆ, ಸುಮಾರು 147 ಟಿಎಂಸಿ ನೀರು ಹಿಡಿಯುವ ಜಲಾಶಯ. ಅಣೆಕಟ್ಟಿನ ಬುಡದಲ್ಲಿ, ಗಣೇಶಗುಡಿಯಲ್ಲಿ, 50 ಮೆಗಾವಾಟ್‌ನ ಎರಡು ಯಂತ್ರಗಳು. ಲೆಕ್ಕ ನೋಡಿದರೆ ಇಲ್ಲಿ ಉತ್ಪಾದನೆಯಾಗುವ ವಿದ್ಯುತ್ ದೊಡ್ಡದೇನಲ್ಲ. ಸೂಪಾದ ನಿಜವಾದ ಕೆಲಸ ನೀರು ಹಿಡಿದಿಟ್ಟುಕೊಂಡು ವರ್ಷವಿಡೀ ಕೆಳಗೆ ಕೊಡುವುದು. ಅಂಬಿಕಾನಗರದ ಹತ್ತಿರದ ನಾಗಝರಿ ವಿದ್ಯುದಾಗಾರ, ಕೊಡಸಳ್ಳಿ, ಕದ್ರಾ ಎಲ್ಲವೂ ನಡೆಯುವುದು ಸೂಪಾ ಬಿಟ್ಟ ನೀರಿನಿಂದ. ಮೇಲಿನ ಹಂಡೆ ತುಂಬಿದ್ದರೆ ಮಾತ್ರ ಕೆಳಗಿನ ನಲ್ಲಿಗಳು ಹರಿಯುತ್ತವೆ, ಹಾಗೆ.

ಆ ಹಂಡೆಗೆ ಜಾಗ ಬಿಟ್ಟವರು ಯಾರು? ಸೂಪಾ ಪೇಟೆಯವರು, ಸುತ್ತಲಿನ ಹಳ್ಳಿಗಳ ಗದ್ದೆಯವರು, ಕುಣಬಿಗಳು, ಎಮ್ಮೆ ಸಾಕುವ ಗೌಳಿಗಳು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಜನರಲ್ಲಿ ಬಹಳ ಮಂದಿ ಗೋವಾ ದಾರಿಯ ರಾಮನಗರಕ್ಕೆ ಹೋದರು. ಹಕ್ಕುಪತ್ರ ಕೊಡಿ, ಕುಡಿಯುವ ನೀರು ಕೊಡಿ ಎಂಬ ರಾಮನಗರದ ಬೇಡಿಕೆ ಅಣೆಕಟ್ಟು ಮುಗಿದ ಮೇಲೂ ದಶಕಗಳ ಕಾಲ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುತ್ತಲೇ ಇತ್ತು. ರಾಜ್ಯದ ಅತಿ ದೊಡ್ಡ ಜಲಾಶಯಗಳಲ್ಲಿ ಒಂದಕ್ಕೆ ಊರು ಬಿಟ್ಟುಕೊಟ್ಟವರು ಕೊಡ ಹಿಡಿದು ನಿಂತ ಸುದ್ದಿ ಅದು.

ಸೂಪಾಕ್ಕೆ ವಿರೋಧವೇ ಇರಲಿಲ್ಲ ಎಂದು ಹೇಳುತ್ತಿಲ್ಲ. ಮನೆ ಮುಳುಗುವವನು ಮಾತಾಡದೆ ಇರುವುದಿಲ್ಲ. ಆದರೆ ಆ ಮಾತು ಬೆಂಗಳೂರಿಗೆ ತಲುಪುವ ದಾರಿ ಇರಲಿಲ್ಲ. ಜನ ಮನೆಯಲ್ಲಿ ಆಡುವುದು ಕೊಂಕಣಿ, ಮರಾಠಿ. ಪತ್ರಿಕೆ ಅಚ್ಚಾಗುವುದು ಹುಬ್ಬಳ್ಳಿಯಲ್ಲಿ, ಕನ್ನಡದಲ್ಲಿ. ಕುಣಬಿಯ ಕೈಯಲ್ಲಿ ಜಮೀನಿನ ಕಾಗದವೂ ಸರಿಯಾಗಿ ಇಲ್ಲ. ಕುಮರಿ ಬೇಸಾಯವನ್ನು ಬ್ರಿಟಿಷರ ಕಾಲದಲ್ಲೇ ಬಿಗಿ ಮಾಡಿ, ಕಾಡನ್ನು ಇಲಾಖೆಯದ್ದು ಮಾಡಿದ ಮೇಲೆ, ಆತ ತನ್ನದೇ ಕಾಡಿನಲ್ಲಿ ಅತಿಕ್ರಮಣದಾರ. ಕಾಗದವಿಲ್ಲದವನಿಗೆ ಪರಿಹಾರ ಕೇಳುವುದೇ ಕಷ್ಟ, ಯೋಜನೆಯನ್ನೇ ಪ್ರಶ್ನಿಸುವುದು ದೂರದ ಮಾತು. 1987ರ ಹೊತ್ತಿಗೆ ಅಣೆಕಟ್ಟು ಮುಗಿಯಿತು.

ಅತ್ತ ಬೇಡ್ತಿ ಕೊಳ್ಳದಲ್ಲಿ

ಬೇಡ್ತಿ ಹುಟ್ಟುವುದು ಧಾರವಾಡದ ಕಡೆ. ಯಲ್ಲಾಪುರ, ಶಿರಸಿ ತಾಲ್ಲೂಕುಗಳ ಕಾಡಿನಲ್ಲಿ ಹರಿದು, ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿ ಎನಿಸಿಕೊಂಡು ಕಡಲು ಸೇರುತ್ತದೆ. 1970ರ ದಶಕದ ಕೊನೆಯಲ್ಲಿ ಇದಕ್ಕೂ 210 ಮೆಗಾವಾಟ್‌ನ ಜಲವಿದ್ಯುತ್ ಯೋಜನೆ ಸಿದ್ಧವಾಯಿತು. ಸೂಪಾ ನೋಡಿದವರಿಗೆ ಮುಂದೇನಾಗುತ್ತದೆ ಎಂದು ಗೊತ್ತಿತ್ತು.

ಆದರೆ ಇಲ್ಲಿ ಮುಳುಗಬೇಕಾಗಿದ್ದದ್ದು ಅಡಿಕೆ ತೋಟ. ಅಡಿಕೆ ತೋಟದ ಹಿಂದೆ ಒಂದು ವ್ಯವಸ್ಥೆ ಇರುತ್ತದೆ. ಬೆಳೆ ಮಾರಲು 1923ರಲ್ಲೇ ಕಟ್ಟಿಕೊಂಡ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್‌ಎಸ್, ಇತ್ತು. ಓದಿದ ಮಕ್ಕಳು ಬೆಂಗಳೂರಿನಲ್ಲಿ ಎಂಜಿನಿಯರ್, ಪ್ರಾಧ್ಯಾಪಕ, ಪತ್ರಕರ್ತರಾಗಿದ್ದರು. ಜಮೀನಿಗೆ ಕಾಗದವಿತ್ತು. ಸೊಪ್ಪಿನ ಬೆಟ್ಟಕ್ಕೂ ಕಾಗದವಿತ್ತು: ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೊಪ್ಪು, ದರಕು ಬಳಸುವ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ಕುಣಬಿಗೆ ಸಿಗದ ಹಕ್ಕು ತೋಟಿಗರಿಗೆ ಸಿಕ್ಕಿತ್ತು ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

1981ರ ಜನವರಿಯಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ನಡೆಸಿದ್ದು ಅಡಿಕೆ ಬೆಳೆಗಾರರ ಸಹಕಾರ ಸಂಘ. ಕರೆಸಿದ್ದು ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು, ಅರ್ಥಶಾಸ್ತ್ರಜ್ಞರನ್ನು. ಯೋಜನೆಯಿಂದ ಬರುವ ಲಾಭ ಎಷ್ಟು, ಮುಳುಗುವ ತೋಟ, ಕಾಡು, ಸೊಪ್ಪು, ಉರುವಲು, ಮೇವಿನ ಬೆಲೆ ಎಷ್ಟು ಎಂದು ಸರ್ಕಾರದ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದರು. ಕಾಡಿನ ಬೆಲೆಯನ್ನು ಸರ್ಕಾರಿ ಲೆಕ್ಕ ಬಹಳ ಕಡಿಮೆ ಹಿಡಿದಿತ್ತು. ಹೀಗೆ ರೈತರೇ ಒಂದು ಅಣೆಕಟ್ಟಿನ ಲೆಕ್ಕಪರಿಶೋಧನೆ ಮಾಡಿದ್ದು ದೇಶದಲ್ಲೇ ಅಪರೂಪದ ಸಂಗತಿ. ಕೇರಳದ ಸೈಲೆಂಟ್ ವ್ಯಾಲಿ ಚಳವಳಿ ಆಗ ದೇಶದ ಗಮನ ಸೆಳೆದಿತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು, ಕಾಡನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕಾಗಿತ್ತು. ಬೇಡ್ತಿ ಯೋಜನೆ ಕಡತದೊಳಗೆ ಸೇರಿತು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೋ ನೋಡಿ ಬಂದಿದ್ದ ಪಾಂಡುರಂಗ ಹೆಗಡೆ, ಊರಿನ ಯುವಕ ಮಂಡಳಿಯವರು, ಹೆಂಗಸರು ಸೇರಿ ಕಟ್ಟಿದ್ದು ಅಪ್ಪಿಕೋ ಚಳವಳಿ. ಆಮೇಲಿನ ವರ್ಷಗಳಲ್ಲಿ ಘಟ್ಟದ ಸಹಜ ಕಾಡಿನ ಹಸಿಮರ ಕಡಿತಲೆ ನಿಲ್ಲಲು ಇದು ದೊಡ್ಡ ಕಾರಣವಾಯಿತು. 1987ರ ನವೆಂಬರ್‌ನಿಂದ 1988ರ ಫೆಬ್ರುವರಿವರೆಗೆ ನಡೆದ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಈ ಎಲ್ಲ ಊರುಗಳ ಹೋರಾಟವನ್ನು ಒಂದು ದಾರದಲ್ಲಿ ಪೋಣಿಸಿತು.

ಇಲ್ಲಿಯವರೆಗೆ ಮಠ ಮುಂದೆ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಈಗ ಬರುವ ಭಾಷಣಗಳಲ್ಲಿ ಎಲ್ಲವನ್ನೂ ಮಠದಿಂದಲೇ ಶುರು ಮಾಡುವ ರೂಢಿ ಇದೆ. ಮೊದಲ ಸುತ್ತಿನ ಬೇಡ್ತಿಯನ್ನು ಗೆದ್ದವರು ರೈತರು, ಅವರ ಸಂಘ, ಅವರು ಕರೆಸಿದ ವಿಜ್ಞಾನಿಗಳು.

ಮಠ ಬಂದದ್ದು ಎರಡನೇ ಸುತ್ತಿಗೆ

ಗೆದ್ದ ಹೋರಾಟಕ್ಕೆ ಒಂದು ಕಷ್ಟವಿದೆ. ಸರ್ಕಾರದ ಕಡತ ಸಾಯುವುದಿಲ್ಲ, ಮಲಗಿರುತ್ತದೆ. ಹೋರಾಟ ಮಾಡಿದವರಿಗೆ ಮಾತ್ರ ವಯಸ್ಸಾಗುತ್ತದೆ. ಸಮಿತಿ ಚದುರುತ್ತದೆ, ಅಧ್ಯಕ್ಷರು ತೀರಿಕೊಳ್ಳುತ್ತಾರೆ, ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಹತ್ತು ವರ್ಷ ಬಿಟ್ಟು ಅದೇ ಕಡತ ಹೊಸ ಹೆಸರಿನಲ್ಲಿ ಎದ್ದರೆ ಎದುರು ನಿಲ್ಲುವವರು ಯಾರು?

1990ರ ದಶಕದ ಆರಂಭದಲ್ಲಿ ಬೇಡ್ತಿ ಯೋಜನೆ ಹಾಗೆಯೇ ಮತ್ತೆ ಎದ್ದಿತು. ಆ ಹೊತ್ತಿಗೆ, 1991ರಲ್ಲಿ, ಸೋಂದಾ ಸ್ವರ್ಣವಲ್ಲೀ ಮಠದ ಪೀಠಕ್ಕೆ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿ ಬಂದಿದ್ದರು. ಅದ್ವೈತ ಪರಂಪರೆಯ ಮಠ ಇದು. ಶಿಷ್ಯರಲ್ಲಿ ಹೆಚ್ಚಿನವರು ಹವ್ಯಕರು, ಬೇರೆ ಕೆಲವು ಸಮುದಾಯಗಳೂ ಇವೆ. ಸೋಂದೆ ಅಂದರೆ ಹಳೆಯ ಸೋದೆ ಅರಸರ ರಾಜಧಾನಿ. ವಾದಿರಾಜರ ಮಠ, ಜೈನರ ಸ್ವಾದಿ ಮಠ, ಸ್ವರ್ಣವಲ್ಲೀ, ಮೂರೂ ಆಸುಪಾಸಿನಲ್ಲೇ ಇವೆ. ಸಹಸ್ರಲಿಂಗದ ಬಳಿ ಬಂಡೆಗಳ ಮೇಲೆ ಹರಿಯುವ ಶಾಲ್ಮಲೆ ಮುಂದೆ ಹೋಗಿ ಬೇಡ್ತಿ ಸೇರುತ್ತಾಳೆ. ಅಂದರೆ ಮಠ ಇರುವುದೇ ಬೇಡ್ತಿ ಕೊಳ್ಳದೊಳಗೆ. ನದಿಯ ವಿಷಯ ಅವರಿಗೆ ದೂರದ ಉಪಕಾರವಲ್ಲ, ಮನೆಯಂಗಳದ ಮಾತು.

ಸ್ವಾಮೀಜಿಯ ನೇತೃತ್ವದಲ್ಲಿ ಬೇಡ್ತಿ-ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಕೆಲಸ ಮಾಡಿತು. ವೃಕ್ಷಲಕ್ಷ ಆಂದೋಲನದ ಅನಂತ ಹೆಗಡೆ ಅಶೀಸರ ಅವರು ಕಡತ, ಮನವಿ, ಸಭೆ ನೋಡಿಕೊಳ್ಳುವ ಕೈಯಾದರು. ಬೇಡ್ತಿಯ ಜೊತೆ ಅಘನಾಶಿನಿಯ ವಿದ್ಯುತ್ ಯೋಜನೆಯನ್ನೂ ಸಮಿತಿ ವಿರೋಧಿಸಿತು. ಎರಡೂ ಬರಲಿಲ್ಲ. ಅಘನಾಶಿನಿ ಇಂದಿಗೂ ದೊಡ್ಡ ಕಟ್ಟೆಯಿಲ್ಲದೆ ಕಡಲು ಸೇರುವ ಅಪರೂಪದ ನದಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮುಂದೆ ಅಶೀಸರ ಅವರು ಸರ್ಕಾರದ ಪಶ್ಚಿಮ ಘಟ್ಟ ಕಾರ್ಯಪಡೆಯ ಅಧ್ಯಕ್ಷರಾದ ಕಾಲದಲ್ಲಿ, 2011ರಲ್ಲಿ, ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ, ಬೇಡ್ತಿ ಸಂರಕ್ಷಿತ ಪ್ರದೇಶ ಘೋಷಣೆಯಾದವು. ನಮ್ಮ ದಾಂಡೇಲಿ ಭಾಗದ ಹಾರ್ನ್‌ಬಿಲ್ ಸಂರಕ್ಷಿತ ಪ್ರದೇಶವೂ ಅದೇ ವರ್ಷದ್ದು. ಹೋರಾಟದಲ್ಲಿ ಉಳಿದದ್ದಕ್ಕೆ ಕಾನೂನಿನ ಬೇಲಿಯೂ ಬಿತ್ತು ಎನ್ನಬಹುದು.

ಮಠದಿಂದ ಏನಾಗುತ್ತದೆ?

ಭಕ್ತಿ, ಆಶೀರ್ವಾದ ಪಕ್ಕಕ್ಕಿಟ್ಟು, ವರದಿಗಾರನ ಕಣ್ಣಿನಿಂದ ಕೇಳೋಣ. ಒಂದು ಮಠ ಪರಿಸರ ಹೋರಾಟಕ್ಕೆ ನಿಜವಾಗಿ ಕೊಡುವುದೇನು?

ಮೊದಲನೆಯದು ಜಾಗ ಮತ್ತು ಊಟ. ನಗಬೇಡಿ. ಇನ್ನೂರು ಜನ ಹಳ್ಳಿಯಿಂದ ಬಸ್ಸು ಹತ್ತಿ ಸಭೆಗೆ ಬರಬೇಕಾದರೆ ಕೂರಲು ನೆರಳು ಬೇಕು, ಮಧ್ಯಾಹ್ನ ಎಲೆ ಹಾಕಬೇಕು. ಮಠದಲ್ಲಿ ಸಭೆ ಅಂದರೆ ಇವೆರಡರ ಚಿಂತೆ ಇಲ್ಲ. ಚಳವಳಿಗಳು ಸೋಲುವುದು ಎಷ್ಟೋ ಸಲ ವಿಚಾರದಲ್ಲಲ್ಲ, ಖರ್ಚಿನಲ್ಲಿ.

ಎರಡನೆಯದು ಜಾಲ. ಮಠದ ಶಿಷ್ಯರು ಸೀಮೆಗಳಾಗಿ ಹಂಚಿಕೊಂಡಿರುತ್ತಾರೆ. ಸೀಮೆಗೊಂದು ಪ್ರಮುಖರ ಗುಂಪು, ಹೆಂಗಸರಿಗೆ ಮಾತೃಮಂಡಳಿ. ಭಿಕ್ಷೆ, ಪಾರಾಯಣ, ಭಗವದ್ಗೀತಾ ಅಭಿಯಾನಕ್ಕೆ ಓಡಾಡುವ ಇದೇ ಜನ ನದಿಯ ವಿಷಯವನ್ನೂ ಮನೆಮನೆಗೆ ಮುಟ್ಟಿಸಬಲ್ಲರು. ಹೊಸ ಸಂಘಟನೆ ಕಟ್ಟಬೇಕಿಲ್ಲ, ಇರುವುದಕ್ಕೆ ಹೊಸ ಕೆಲಸ ಕೊಟ್ಟರೆ ಆಯಿತು.

ಮೂರನೆಯದು ದಿನನಿತ್ಯದ ರೂಢಿ. ಮಠ ಮಂತ್ರಾಕ್ಷತೆಯ ಜೊತೆ ಗಿಡ ಕೊಡುವ ವೃಕ್ಷ ಮಂತ್ರಾಕ್ಷತೆ ಶುರು ಮಾಡಿತು. ಸರ್ಕಾರ ವನಮಹೋತ್ಸವದಲ್ಲಿ ಕೊಟ್ಟ ಗಿಡ ರಸ್ತೆಬದಿಯಲ್ಲಿ ಒಣಗಿದರೆ ಯಾರೂ ಕೇಳುವುದಿಲ್ಲ. ಗುರುಗಳ ಕೈಯಿಂದ ಪಡೆದ ಗಿಡವನ್ನು ಒಣಗಲು ಬಿಡಲು ಮನೆಯವರಿಗೆ ಮನಸ್ಸಾಗುವುದಿಲ್ಲ. ನರಸಿಂಹ ಜಯಂತಿಯ ಹೊತ್ತಿಗೆ ಮಠದಲ್ಲಿ ಕೃಷಿ ಜಯಂತಿ ನಡೆಯುತ್ತದೆ. ಅಡಿಕೆ ರೋಗ, ಜೇನು, ಗೊಬ್ಬರ, ನೀರು ಅಲ್ಲಿ ಮಾತಿಗೆ ಬರುತ್ತವೆ. ಹೋರಾಟವಿಲ್ಲದ ವರ್ಷಗಳಲ್ಲೂ ವಿಷಯ ಬೆಚ್ಚಗಿರುವುದು ಹೀಗೆ.

ನಾಲ್ಕನೆಯದು ಬಾಗಿಲು. ರೈತ ಸಂಘದ ಅಧ್ಯಕ್ಷ ಮಂತ್ರಿಯ ಭೇಟಿಗೆ ವಾರಗಟ್ಟಲೆ ಕಾಯುತ್ತಾನೆ. ಸ್ವಾಮೀಜಿ ಪತ್ರ ಬರೆದರೆ ಮಂತ್ರಿಯೇ ಮಠಕ್ಕೆ ಬರುತ್ತಾರೆ. ಯಾವ ಪಕ್ಷದ ಸರ್ಕಾರವಾದರೂ ಇದು ಹೀಗೇ. ಪ್ರಜಾಪ್ರಭುತ್ವಕ್ಕೆ ಇದು ಶೋಭೆಯೇ ಎಂದು ಕೇಳಿದರೆ, ಅಲ್ಲ. ಆದರೆ ಇರುವುದು ಹಾಗೆ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಾಲ. ಮಠಕ್ಕೆ ಅವಸರವಿಲ್ಲ. ಸಮಿತಿಗಳ ಆಯುಸ್ಸು ಐದು ವರ್ಷ, ಮಠದ ಆಯುಸ್ಸು ಶತಮಾನಗಳದ್ದು. 1980ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನದಿ ಜೋಡಣೆಯ ರಾಷ್ಟ್ರೀಯ ಯೋಜನೆಯಲ್ಲಿ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾವವೂ ಇತ್ತು. ನಾಲ್ಕು ದಶಕ ಕಳೆದು ಆ ಪ್ರಸ್ತಾವಕ್ಕೆ ಮತ್ತೆ ಜೀವ ಬಂದಾಗ ಮೊದಲು ಎದ್ದ ವಿರೋಧದ ದನಿ ಮತ್ತದೇ ಕೊಳ್ಳ ಸಮಿತಿಯದು, ಮತ್ತದೇ ಮಠದ್ದು. ಕಡತಕ್ಕೆ ನೆನಪಿರುವಷ್ಟೇ ನೆನಪು ಎದುರಿನವರಿಗೂ ಇತ್ತು.

ಮಠಕ್ಕೂ ಮಿತಿ ಇದೆ

ಹಾಗಂತ ಮಠ ನಿಂತರೆ ಎಲ್ಲ ನಿಲ್ಲುತ್ತದೆ ಎಂದಲ್ಲ. ಕೈಗಾ ನೋಡಿ. ಶಿವರಾಮ ಕಾರಂತರು 1989ರಲ್ಲಿ ಇದೇ ವಿಷಯ ಮುಂದಿಟ್ಟುಕೊಂಡು ನಮ್ಮ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೇ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಮೈ ಕುಸಿದು ಬಿತ್ತು. ಆದರೂ 2000ದಲ್ಲಿ ಎರಡು ಘಟಕ, ಆಮೇಲೆ ಮತ್ತೆರಡು ಕೆಲಸ ಶುರು ಮಾಡಿದವು. 5 ಮತ್ತು 6ನೇ ಘಟಕಗಳಿಗೆ ಮಠವೂ ವಿರೋಧ ಹೇಳಿತು, 2019ರಲ್ಲಿ ಪರಿಸರ ಅನುಮತಿ ಸಿಕ್ಕೇಬಿಟ್ಟಿತು. ಕೇಂದ್ರ ಸರ್ಕಾರ ಹಠ ಹಿಡಿದ ಯೋಜನೆಯ ಮುಂದೆ ಮಂತ್ರಾಕ್ಷತೆಯ ಬಲ ಸಾಲುವುದಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಮಠ ಯಾರದ್ದೋ ಆ ಕಾಡು ಮೊದಲು ಉಳಿಯುತ್ತದೆ. ಬೇಡ್ತಿ, ಅಘನಾಶಿನಿ ಕೊಳ್ಳ ಶಿಷ್ಯರ ತೋಟಗಳಿರುವ ಕೊಳ್ಳ. ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕು, ಬೆಟ್ಟಕ್ಕೆ ಕಾಡು ಬೇಕು, ಹಳ್ಳಕ್ಕೆ ನೀರು ಬೇಕು. ಸ್ವಾರ್ಥ ಮತ್ತು ಧರ್ಮ ಒಂದೇ ದಾರಿಯಲ್ಲಿ ನಡೆದವು. ಇದರಲ್ಲಿ ತಪ್ಪೇನಿಲ್ಲ, ಲೋಕದ ಬಹುಪಾಲು ಒಳ್ಳೆಯ ಕೆಲಸಗಳು ಹೀಗೆಯೇ ಆಗಿವೆ. ಆದರೆ ತೋಟವಿಲ್ಲದವನ, ಬೆಟ್ಟದ ಕಾಗದವಿಲ್ಲದವನ, ಶಿಷ್ಯವರ್ಗದಲ್ಲಿ ಇಲ್ಲದವನ ಕೊಳ್ಳದ ಗತಿ? ಸೂಪಾ ಅದಕ್ಕೆ ಉತ್ತರ.

ಇನ್ನೂ ಒಂದು ಮಾತು ನ್ಯಾಯಕ್ಕಾಗಿ ಸೇರಿಸಬೇಕು. ಸೂಪಾ ಶುರುವಾದಾಗ 1980ರ ಕಾಯ್ದೆ ಇರಲಿಲ್ಲ, ಸೈಲೆಂಟ್ ವ್ಯಾಲಿಯ ಗೆಲುವಿನ ಉದಾಹರಣೆ ಇರಲಿಲ್ಲ, ಪರಿಸರ ಎಂಬ ಪದವೇ ಪತ್ರಿಕೆಗಳಲ್ಲಿ ಅಪರೂಪ. ಐದಾರು ವರ್ಷ ತಡವಾಗಿ ಬಂದಿದ್ದರೆ ಸೂಪಾ ಕಥೆಯೂ ಸ್ವಲ್ಪ ಬೇರೆ ಇರುತ್ತಿತ್ತೇನೋ. ಆದರೆ ಕಾಯ್ದೆ ಬಂದ ಮೇಲೆ ಕಟ್ಟಿದ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ಕಾಳಿಯ ಮೇಲೆಯೇ ಬಂದವಲ್ಲ. ಕಾಲ ಒಂದೇ ಕಾರಣವಲ್ಲ ಎನ್ನಲು ಇಷ್ಟು ಸಾಕು.

ಕಾಳಿ ಕೊಳ್ಳದಲ್ಲಿ ದೇವರಿಲ್ಲವೇ?

ಇದ್ದಾರೆ, ಬೇಕಾದಷ್ಟು ಇದ್ದಾರೆ. ಹೆಸರಿನಲ್ಲೇ ಗುಡಿ ಇಟ್ಟುಕೊಂಡ ಊರಿನಿಂದ ಬರೆಯುತ್ತಿದ್ದೇನೆ. ಜೋಯಿಡಾದ ಕುಣಬಿ ಊರುಗಳಲ್ಲಿ ದೇವರ ಕಾಡುಗಳಿವೆ. ಅಲ್ಲಿ ಕೊಡಲಿ ತಾಗಿಸುವಂತಿಲ್ಲ. ಕಟ್ಟಡವಿಲ್ಲದ, ಗೋಪುರವಿಲ್ಲದ ಈ ದೇವರುಗಳು ಎಷ್ಟೋ ಹಳ್ಳದ ಮೂಲಗಳನ್ನು ಕಾಯ್ದುಕೊಂಡು ಬಂದಿವೆ. ಅದೇ ಊರಿನವರು ಮನೆಯ ಹಿತ್ತಲಲ್ಲಿ ಬೆಳೆದ ಗೆಡ್ಡೆ-ಗೆಣಸುಗಳ ಮೇಳ ಜೋಯಿಡಾದಲ್ಲಿ ಪ್ರತಿವರ್ಷ ನಡೆಯುತ್ತದೆ. ಅಷ್ಟು ಬಗೆಯ ತಳಿ ಉಳಿಸಿದ್ದು ಯಾವ ಸಂಶೋಧನಾ ಕೇಂದ್ರವೂ ಅಲ್ಲ. ಪರಿಸರ ಸೇವೆ ಎಂಬ ಹೆಸರು ಕೊಡದೆ ಮಾಡಿದ ಪರಿಸರ ಸೇವೆ ಅದು.

ಉಳವಿಯೂ ಇದೇ ತಾಲ್ಲೂಕಿನಲ್ಲಿದೆ. ಶರಣ ಚನ್ನಬಸವಣ್ಣನವರು ಐಕ್ಯರಾದ ಕ್ಷೇತ್ರ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ರೈತರು ದಾಂಡೇಲಿ ಕಾಡು ದಾಟಿ ಬರುತ್ತಾರೆ. ಎತ್ತಿನ ಕೊರಳ ಗೆಜ್ಜೆಯ ಸದ್ದು ಕೇಳಿಯೇ ಇಲ್ಲಿನವರಿಗೆ ಜಾತ್ರೆ ಬಂತೆಂದು ತಿಳಿಯುತ್ತದೆ. ಆದರೆ ಯಾತ್ರಿಕರು ಬಂದು ಹೋಗುವವರು. ಅವರ ಹೊಲ, ಅವರ ಮಠ, ಅವರ ಮತ ಘಟ್ಟದ ಆಚೆ ಬಯಲುಸೀಮೆಯಲ್ಲಿದೆ. ಕಾಳಿ ಕೊಳ್ಳದ ಪರವಾಗಿ ಅವರು ವಿಧಾನಸೌಧದಲ್ಲಿ ಮಾತಾಡಬೇಕು ಎಂದು ನಾವು ಯಾವತ್ತೂ ಕೇಳಿಲ್ಲ, ಅವರಿಗೂ ಹೊಳೆದಿಲ್ಲ.

ಹಾಗಾಗಿ ವ್ಯತ್ಯಾಸ ದೇವರಲ್ಲಿಲ್ಲ, ಭಕ್ತಿಯಲ್ಲೂ ಇಲ್ಲ. ಕುಣಬಿಯ ದೇವರ ಕಾಡಿಗೆ ಕೊಡಲಿಯನ್ನು ತಡೆಯುವ ಶಕ್ತಿಯಿದೆ, ಬುಲ್ಡೋಜರನ್ನು ತಡೆಯುವ ಶಕ್ತಿಯಿಲ್ಲ. ಊರಿನವನಿಗೆ ದೇವರ ಭಯವಿದೆ, ನಿಗಮದ ಎಂಜಿನಿಯರಿಗೆ ಇಲ್ಲ. ಆ ಎಂಜಿನಿಯರಿನ ಮುಂದೆ ಕೂತು ಅವನದೇ ಭಾಷೆಯಲ್ಲಿ ಲೆಕ್ಕ ಕೇಳುವ ಸಂಘ, ಆ ಸಂಘ ದಣಿದಾಗ ಹೊತ್ತು ನಿಲ್ಲುವ ಸಂಸ್ಥೆ, ಇವೆರಡೂ ಬೇಡ್ತಿಗೆ ಇದ್ದವು, ಕಾಳಿಗೆ ಇರಲಿಲ್ಲ. ಈ ಲೇಖನದಲ್ಲಿ ನನಗೆ ಹೇಳಬೇಕಾಗಿದ್ದ ಮಾತು ಇದೊಂದೇ.

ಸುದ್ದಿ ಎಲ್ಲಿಂದ ಬರುತ್ತದೆ

ನಮ್ಮ ಕೆಲಸದವರಿಗೂ ಇಲ್ಲಿ ಒಂದು ಪಾಠವಿದೆ. ಮಠದಲ್ಲಿ ಸಭೆಯಾದರೆ ಸಂಜೆಯೊಳಗೆ ಪತ್ರಿಕಾ ಹೇಳಿಕೆ ಬರುತ್ತದೆ, ಫೋಟೊ ಬರುತ್ತದೆ, ಯಾರು ಏನು ಹೇಳಿದರು ಎಂಬುದು ಅಚ್ಚುಕಟ್ಟಾಗಿ ಟೈಪ್ ಆಗಿ ಬರುತ್ತದೆ. ಮರುದಿನ ನಾಲ್ಕು ಪತ್ರಿಕೆಯಲ್ಲಿ ಸುದ್ದಿ. ಜೋಯಿಡಾದ ಒಳಗಿನ ಊರಲ್ಲಿ ಸಭೆಯಾದರೆ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಸಭೆಯ ಮಾತು ಕೊಂಕಣಿಯಲ್ಲಿ. ಹೋಗಿಬರಲು ಪೂರ್ತಿ ದಿನ ಬೇಕು, ಸಾಲು ಲೆಕ್ಕದಲ್ಲಿ ಸಂಭಾವನೆ ಪಡೆಯುವ ಬಿಡಿ ವರದಿಗಾರನಿಗೆ ಪೆಟ್ರೋಲಿನ ಖರ್ಚೂ ಹುಟ್ಟುವುದಿಲ್ಲ. ಹೀಗಾಗಿ ಸಂಘಟನೆ ಇದ್ದಲ್ಲಿ ಸುದ್ದಿ ಇದೆ, ಸುದ್ದಿ ಇದ್ದಲ್ಲಿ ಸರ್ಕಾರದ ಕಿವಿ ಇದೆ. ಸೂಪಾದ ಕಾಲದಲ್ಲಿ ಆದದ್ದೂ ಇದೇ. ಐವತ್ತು ವರ್ಷದಲ್ಲಿ ರಸ್ತೆ ಬಂದಿದೆ, ಫೋನು ಬಂದಿದೆ, ಈ ಲೆಕ್ಕ ಮಾತ್ರ ಬದಲಾಗಿಲ್ಲ.

ಬದಲಾಗಲೇಬೇಕು ಎನ್ನಲು ಕಾರಣವಿದೆ. ಕಾಳಿಯ ಪಾಲಿಗೆ ಕಥೆ 1987ಕ್ಕೆ ಮುಗಿದಿಲ್ಲ. ದಾಂಡೇಲಿ ಅಭಯಾರಣ್ಯ 1956ರಲ್ಲಿ ಬಂತು, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ ಬಂತು, ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂತು. ಕಾಡಿನೊಳಗಿನ ಊರುಗಳಿಗೆ ಸ್ವಯಂಪ್ರೇರಿತ ಪುನರ್ವಸತಿಯ ಹೆಸರಲ್ಲಿ ಕುಟುಂಬಕ್ಕೆ ಮೊದಲು 10 ಲಕ್ಷ, 2021ರ ನಂತರ 15 ಲಕ್ಷ ರೂಪಾಯಿಯ ಪ್ಯಾಕೇಜ್ ಇದೆ. ಶಾಲೆ, ರಸ್ತೆ, ಆಸ್ಪತ್ರೆ ಇಲ್ಲದೆ ಬೇಸತ್ತು ಒಪ್ಪುವವರೂ ಇದ್ದಾರೆ, ಬಿಡುವುದಿಲ್ಲ ಎನ್ನುವವರೂ ಇದ್ದಾರೆ. ಅಜ್ಜನನ್ನು ವಿದ್ಯುತ್ತಿಗಾಗಿ ಎಬ್ಬಿಸಿದರು, ಮೊಮ್ಮಗನನ್ನು ಹುಲಿಗಾಗಿ ಎಬ್ಬಿಸುತ್ತಾರೆ. ಇದರ ಜೊತೆಗೆ ಕಾಳಿಯ ನೀರನ್ನು ಘಟ್ಟದ ಮೇಲಿನ ಜಿಲ್ಲೆಗಳಿಗೆ ಒಯ್ಯಬೇಕು ಎಂಬ ಮಾತು ಆಗಾಗ ಏಳುತ್ತದೆ. ಬಯಲುಸೀಮೆಯವರ ಬಾಯಾರಿಕೆ ಸುಳ್ಳಲ್ಲ. ಆದರೆ ಲೆಕ್ಕ ಕೇಳುವವರಿಲ್ಲದ ನದಿಯ ಮೇಲೆಯೇ ಎಲ್ಲರ ಕಣ್ಣು ಯಾಕೆ ಬೀಳುತ್ತದೆ ಎಂಬುದನ್ನು ಕೇಳಬೇಡವೇ?

ಕಾಳಿಗೂ ಒಂದು ಮಠ ಬೇಕು ಎಂದು ನಾನು ಹೇಳುವುದಿಲ್ಲ. ಮಠ ಬೇಕೆಂದಾಗ ಹುಟ್ಟುವುದೂ ಇಲ್ಲ. ಆದರೆ ಮಠ ಮಾಡಿದ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರೆ ಬೇರೆಯವರೂ ಮಾಡಬಹುದಾದದ್ದು ಬಹಳ ಇದೆ. ಕೂರಲು ಜಾಗ, ಒಂದು ಹೊತ್ತಿನ ಊಟ, ಊರೂರಿಗೆ ಮಾತು ಮುಟ್ಟಿಸುವ ನಾಲ್ಕು ಜನ, ಹಳೆಯ ಕಾಗದಗಳನ್ನು ಜೋಪಾನವಾಗಿ ಇಡುವ ಒಂದು ಕಪಾಟು, ವಿಜ್ಞಾನಿಗಳ ಪರಿಚಯ. ಗೆಡ್ಡೆ-ಗೆಣಸು ಮೇಳ ನಡೆಸುವ ಕುಣಬಿ ಸಂಘಟನೆಗಳ ಕೈಯಲ್ಲಿ ಇದರ ಅರ್ಧ ಈಗಾಗಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ದೇವರ ಕಾಡಿನ ಮೇಲೂ ಊರಿನ ಸಾಮೂಹಿಕ ಹಕ್ಕು ಕೇಳಲು ದಾರಿ ಕೊಟ್ಟಿದೆ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಗದ ಕುಣಬಿಗಳಿಗೆ ಆ ದಾರಿ ಕಡಿದಾದದ್ದು, ಮೂರು ತಲೆಮಾರಿನ ಸಾಕ್ಷ್ಯ ಕೊಡಬೇಕು. ಸಾಕ್ಷ್ಯ ಹುಡುಕಿ ಬರೆದಿಡುವುದು ಓದು ಬರಹ ಬಲ್ಲ ನಮ್ಮಂಥವರು ಮಾಡಬಹುದಾದ ಸೇವೆ.

ಸ್ವರ್ಣವಲ್ಲೀ ಮಠಕ್ಕೂ ಒಂದು ಕೋರಿಕೆ ಇದೆ. ಬೇಡ್ತಿ-ಅಘನಾಶಿನಿ ಸಮಿತಿಯ ಹೆಸರಿನಲ್ಲಿ ಎರಡು ನದಿಗಳಿವೆ. ಜಿಲ್ಲೆಯ ದೊಡ್ಡ ನದಿ ಮೂರನೆಯದು. ಅದರ ದಡದಲ್ಲಿ ಶಿಷ್ಯರ ತೋಟ ಕಡಿಮೆ ಇರಬಹುದು, ಆದರೆ ತೋಟವಿಲ್ಲದವರ ಪರವಾಗಿ ನಿಂತಾಗಲೇ ಅದು ಸೇವೆ ಎನಿಸಿಕೊಳ್ಳುವುದು. ಮುಂದಿನ ಸಭೆಯ ಪತ್ರಿಕಾ ಹೇಳಿಕೆಯಲ್ಲಿ ಜೋಯಿಡಾದ ಒಂದು ಊರಿನ ಹೆಸರು, ಅಲ್ಲಿನವರ ಒಂದು ಮಾತು ಇದ್ದರೆ ಅಷ್ಟರ ಮಟ್ಟಿಗೆ ಕೆಲಸ ಶುರುವಾಯಿತು ಎಂದುಕೊಳ್ಳಬಹುದು.